ಗಾಂಡೀವಕ್ಕೊಂದು ಪೆಟ್ಟಿಗೆ

ಮಿಶಿಗನ್ನಿನಲ್ಲಿರುವ ನಮ್ಮ ಅಳಿಯಂದಿರಿಗೆ ಬಿಲ್ಲುಬೇಟೆಯ ಹುಚ್ಚು ಹಿಡಿದಾಗ ಮನೆಯಲ್ಲಿ ಹಿಂಸೆ, ಅಹಿಂಸೆಯ ಮೇಲೆ ದೊಡ್ಡ ರಾಮಾಯಣವೇ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬೆಳ್ಳುಳ್ಳಿಯನ್ನೇ ಹೊಸಿಲು ದಾಟಿಸದ ಮನೆತನ ಅವರದು. ಆದರೂ ಜಿಂಕೆಯ ಪರವಾಗಿ ಯಾರೂ ತುಟಿ ಬಿಚ್ಚಲಿಲ್ಲ. ಜಗಳ ಹತ್ತಿಕೊಂಡಿದ್ದು ಬಿಲ್ಲನ್ನು ಯಾವುದರಲ್ಲಿ ಇಡಬೇಕು ಅನ್ನುವುದಕ್ಕೆ.

ಅಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲಿನವರ ಸರದಿ ಶುರು, ನವೆಂಬರ್ 15ಕ್ಕೆ ಬಂದೂಕಿನವರದು. ಬಿಳಿಬಾಲದ ಜಿಂಕೆಗಳೇನೋ ಮನೆಯ ಹಿತ್ತಲಿಗೇ ಬಂದು, ಮಗಳು ಕಷ್ಟಪಟ್ಟು ಹಬ್ಬಿಸಿದ ಹುರುಳಿಕಾಯಿ ಬಳ್ಳಿಯನ್ನು ಬುಡದವರೆಗೆ ಮೇಯ್ದು, ಕಿಟಕಿಯಲ್ಲಿ ನಿಂತ ನಮ್ಮನ್ನೂ ಒಂದು ಸಲ ನೋಡಿ ಹೋಗುತ್ತವೆ. ಆದರೆ ಅವರ ಬಡಾವಣೆಯಲ್ಲಿ ಬಾಣ ಬಿಡುವ ಹಾಗಿಲ್ಲ. ಹಾಗಾಗಿ ಅಳಿಯಂದಿರು ಹಿತ್ತಲಿನ ಜಿಂಕೆಗಳನ್ನು ಅಲ್ಲೇ ಬಿಟ್ಟು, ಗಂಟೆಗಟ್ಟಲೆ ಕಾರು ಓಡಿಸಿ, ಜಿಂಕೆ ಕಾಣದ ಕಾಡಿಗೆ ಹೋಗುತ್ತಾರೆ. ಪ್ರಯಾಣ ಅಂದಮೇಲೆ ಪೆಟ್ಟಿಗೆ ಬೇಕೇ ಬೇಕು.

ನಾನು ಬಿಲ್ಲು ಕಂಡಿದ್ದು ಕ್ಯಾಲೆಂಡರಿನ ಶ್ರೀರಾಮನ ಹೆಗಲಲ್ಲಿ. ಇದು ಬೇರೆಯೇ ಜಾತಿ, ಕಾಂಪೌಂಡ್ ಬಿಲ್ಲು. ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ 1969ರಲ್ಲಿ ಪೇಟೆಂಟ್ ಪಡೆದದ್ದು. ಎರಡು ತುದಿಗೂ ರಾಟೆ, ಅವುಗಳ ಮೇಲೆ ಹಾದುಹೋಗುವ ಹೆದೆ. ಎಳೆಯಲು ಹೊರಟಾಗ ತೋಳು ಕಿತ್ತುಬರುವಷ್ಟು ಭಾರ, ಪೂರ್ತಿ ಎಳೆದ ಮೇಲೆ ಥಟ್ಟನೆ ಹಗುರ. ಜಿಂಕೆ ಮನಸ್ಸು ಮಾಡಿ ಇತ್ತ ತಿರುಗುವವರೆಗೂ ಹಾಗೇ ಹಿಡಿದು ನಿಲ್ಲಬಹುದು. ಒಂದೇ ತಾಪತ್ರಯ. ಹಳೆಯ ಬಿಲ್ಲಿನಂತೆ ಕೆಲಸ ಮುಗಿದ ಮೇಲೆ ಹೆದೆ ಇಳಿಸಿಡುವಂತಿಲ್ಲ, ಅದಕ್ಕೆ ಬೇರೆ ಯಂತ್ರವೇ ಬೇಕು. ಹಗಲೂ ರಾತ್ರಿ ಬಿಗಿದುಕೊಂಡೇ ಇರುವ ಪ್ರಾಣಿ ಇದು. ಹೆದೆಯ ಎಳೆ ಎಲ್ಲೋ ಹರಿದಿದ್ದರೆ, ರಾಟೆಯ ಅಂಚು ಒಂದಿಷ್ಟು ಬಾಗಿದ್ದರೆ, ಎಳೆದವನ ಕೈಯಲ್ಲೇ ಸಿಡಿದೀತು. ಬೇಸಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟುಹೋದರೆ ಹೆದೆ ಸಡಿಲವಾದೀತು, ಬಿಲ್ಲಿನ ಪದರಗಳ ಅಂಟು ಬಿಟ್ಟೀತು.

ಬೇಟೆ ಸಾಮಾನಿನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಪೆಟ್ಟಿಗೆಯಲ್ಲಿ ಎರಡು ಮತ. ಒಂದು ಮೆತ್ತನೆಯ ಚೀಲ: ಹಗುರ, ಹೆಗಲಿಗೆ ಹಾಕಬಹುದು, ಬಾಣಕ್ಕೆ, ಕೈಗವುಸಿಗೆ, ಚಾಕೊಲೇಟಿಗೆ ಬೇರೆಬೇರೆ ಜೇಬು. ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ: ಮುಚ್ಚಳದ ಸುತ್ತ ನೀರು ನುಗ್ಗದಂತೆ ರಬ್ಬರ್, ಬೀಗಕ್ಕೆ ತೂತು, ಒಳಗೆ ಪಡ್ಡಿನ ಹಂಚಿನ ಹಾಗೆ ಗುಳಿಗುಳಿಯಾದ ಸ್ಪಂಜು. ಅಂಗಡಿಯಾತ ಕೇಳಿದ ಮೊದಲ ಪ್ರಶ್ನೆಯೇ, ವಿಮಾನದಲ್ಲಿ ಒಯ್ಯುತ್ತೀರೋ, ಕಾರಿನಲ್ಲೋ ಅಂತ. ಅಳಿಯಂದಿರು ಒಂದು ಕ್ಷಣವೂ ತಡೆಯದೆ "ವಿಮಾನ" ಅಂದರು.

"ಯಾವ ವಿಮಾನ ಅಳಿಯಂದ್ರೇ?" ಅಂದೆ.

"ಮಾವ, ಮುಂದೆ ಯಾವತ್ತಾದ್ರೂ ಕೊಲರಾಡೊಗೆ ಎಲ್ಕ್ ಬೇಟೆಗೆ ಹೋಗಬೇಕು ಅಂತ ಅನ್ನಿಸಿದ್ರೆ?"

ಹುಟ್ಟದ ಮಗುವಿಗೆ ಕುಲಾವಿ ಹೊಲಿಸುವುದು ನಮ್ಮ ಕಡೆ ಗಾದೆ, ಅಮೆರಿಕದಲ್ಲಿ ಅದೇ ವ್ಯಾಪಾರ. ಕೊಂಡವನು ಇವತ್ತಿನ ಬಿಲ್ಲಿಗೆ ದುಡ್ಡು ಕೊಡುವುದಿಲ್ಲ, ಯಾವತ್ತೋ ಹತ್ತಲಿರುವ ವಿಮಾನಕ್ಕೆ ಕೊಡುತ್ತಾನೆ. ಆ ವಿಮಾನದವರ ಮಡಿಯೂ ಕಡಿಮೆಯಲ್ಲ. ಬಿಲ್ಲುಬಾಣ ಕೈಚೀಲದಲ್ಲಿ ಸಲ್ಲದು, ಚೆಕ್-ಇನ್ ಮಾಡಬೇಕು. ಸಾಮಾನ್ಯ ಲಗೇಜಿಗೆ ಉದ್ದ, ಅಗಲ, ಎತ್ತರ ಕೂಡಿದರೆ 62 ಇಂಚು, ತೂಕ 23 ಕಿಲೋ. ಬೀಗವೂ ಅಲ್ಲಿನ ಭದ್ರತಾ ಇಲಾಖೆ ಒಪ್ಪಿದ್ದೇ ಆಗಿದ್ದರೆ ಒಳ್ಳೆಯದು. ಅದಕ್ಕೆ ಅವರ ಹತ್ತಿರವೂ ಒಂದು ಕೀಲಿ ಇರುತ್ತದೆ. ಬೇರೆ ಬೀಗವಾದರೆ ತಪಾಸಣೆಗೆ ಬೇಕಾದಾಗ ಕತ್ತರಿಸಿಯೇ ಬಿಡುತ್ತಾರೆ. ಕಳ್ಳರಿಂದ ಕಾಯಲು ಹಾಕಿದ ಬೀಗದ ಕೀಲಿಯನ್ನು ಮೊದಲೇ ಪೊಲೀಸರಿಗೆ ಕೊಟ್ಟಿಡುವ ಈ ಏರ್ಪಾಟು ನನಗೆ ಬಹಳ ಹಿಡಿಸಿತು.

ಈ ವಿಷಯದಲ್ಲಿ ಪಾಂಡವರು ಜಾಣರು. ಅಜ್ಞಾತವಾಸಕ್ಕೆ ಹೊರಟವರು ಮೊದಲು ಬಿಲ್ಲುಗಳ ಹೆದೆ ಇಳಿಸಿದರು. ಸ್ಮಶಾನದ ಪಕ್ಕದ ಶಮೀವೃಕ್ಷಕ್ಕೆ ನಕುಲ ಹತ್ತಿ, ಮುರಿಯದ ಕೊಂಬೆ ಯಾವುದು, ಮಳೆ ಬೀಳದ ಸಂದಿ ಯಾವುದು ಎಂದು ನೋಡಿ ನೋಡಿ ಕಟ್ಟಿದ ಅನ್ನುತ್ತದೆ ವ್ಯಾಸಭಾರತ. ಅಂಗಡಿಯಾತ ನಮಗೆ ಅರ್ಧ ಗಂಟೆ ಕೊರೆದದ್ದೂ ಇಷ್ಟನ್ನೇ: ಮುರಿಯಬಾರದು, ನೆನೆಯಬಾರದು. ಬೀಗದ ಬದಲು ಪಾಂಡವರು ಒಂದು ಹೆಣ ನೇತುಹಾಕಿದರು. ಕೇಳಿದ ದನಗಾಹಿಗಳಿಗೆ, ಇದು ನೂರೆಂಬತ್ತು ವರ್ಷದ ನಮ್ಮ ತಾಯಿ, ಹೀಗೆ ಕಟ್ಟುವುದು ನಮ್ಮ ಕುಲಾಚಾರ ಅಂದರು. ಮುಂದೆ ಉತ್ತರಕುಮಾರನಂಥವನೇ ಆ ಮರ ಹತ್ತಲು ಹಿಂದೆಮುಂದೆ ನೋಡಿದ ಅಂದಮೇಲೆ ಕಳ್ಳನ ಮಾತೇನು? ಯಾವ ಕಂಪನಿಯ ಬೀಗಕ್ಕೂ ಆ ಯೋಗ್ಯತೆ ಇಲ್ಲ.

ಇದು ಪುರಾಣ ಅನ್ನುವವರಿಗೆ ಬೇರೆ ಸಾಕ್ಷಿಯೂ ಉಂಟು. ಸ್ವಿಟ್ಜರ್ಲೆಂಡಿನ ಶ್ನಿಡೆಯೋಖ್ ಕಣಿವೆದಾರಿಯಲ್ಲಿ 2003ರ ಸೆಕೆಗೆ ಹಿಮ ಕರಗಿದಾಗ ಬರ್ಚ್ ಮರದ ತೊಗಟೆಯ ಬಿಲ್ಲುಚೀಲವೊಂದು ಸಿಕ್ಕಿತು. ಕ್ರಿ.ಪೂ. 2800ರ ಸುಮಾರಿನದು. ಸ್ಪಂಜಿಲ್ಲ, ರಬ್ಬರಿಲ್ಲ, ಸುಮಾರು 4800 ವರ್ಷ ಬಾಳಿಕೆ ಬಂದಿದೆ. ನಮ್ಮ ಅಂಗಡಿಯಾತ ಗ್ಯಾರಂಟಿ ಚೀಟಿಯನ್ನು ತೋರಿಸುವಾಗ ಎಷ್ಟು ಬೀಗಿದನೆಂದರೆ, ಇದನ್ನು ಹೇಳಿಬಿಡೋಣ ಅನ್ನಿಸಿತು.

ಪೆಟ್ಟಿಗೆ ಮನೆಗೆ ಬಂತು. ಬಿಲ್ಲು ಒಳಗೆ ಹೋಗಲಿಲ್ಲ. ಬಿಲ್ಲಿನ ಕಾಗದದಲ್ಲಿ 33 ಇಂಚು ಅಂತ ಬರೆದಿತ್ತು, ಸರಿ. ಆದರೆ ಅದು ಒಂದು ರಾಟೆಯ ಅಚ್ಚಿನಿಂದ ಇನ್ನೊಂದರ ಅಚ್ಚಿಗೆ ಇರುವ ಉದ್ದ. ಅದರಾಚೆ ರಾಟೆಗಳು ಎರಡೂ ಕಡೆ ಚಾಚಿಕೊಂಡಿರುತ್ತವೆ. ಗುರಿ ನೋಡುವ ಸೈಟು ಒಂದು ಬದಿಗೆ, ಪಕ್ಕೆಗೆ ಕಚ್ಚಿಸಿದ ಬತ್ತಳಿಕೆ ಇನ್ನೊಂದು ಬದಿಗೆ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದುದು ಹೊರ ಅಳತೆ. ಅಳಿಯಂದಿರು ಮುಚ್ಚಳ ಅದುಮುತ್ತಾರೆ, ಸೈಟು ಕಿರ್ರೆನ್ನುತ್ತದೆ, ಮಗಳು ಬಾಗಿಲಲ್ಲಿ ಕೈಕಟ್ಟಿ ನಿಂತು ಏನೂ ಹೇಳದೆ ಎಲ್ಲವನ್ನೂ ಹೇಳುತ್ತಾಳೆ. ಅದನ್ನು ವಾಪಸ್ ಕೊಟ್ಟು, ಇನ್ನೂ ದೊಡ್ಡದು ತಂದದ್ದಾಯಿತು. ಇದು 62 ಇಂಚಿನ ಲೆಕ್ಕ ದಾಟುತ್ತದೆ. ಕೊಲರಾಡೊಗೆ ಹೋದರೆ ವಿಮಾನ ಕಂಪನಿಯ ಕೃಪೆ ಬೇಕು.

ಆಯುಧಪೂಜೆಯ ದಿನ ನನ್ನ ಹೆಂಡತಿ ಅರಿಸಿನ, ಕುಂಕುಮದ ಬಟ್ಟಲು ಹಿಡಿದು ಗ್ಯಾರೇಜಿಗೆ ಹೋದಳು. "ಅತ್ತೆ, ಹೆದೆಗೆ ಮೇಣ ಬಿಟ್ಟು ಇನ್ನೇನೂ ಸೋಕಬಾರದು!" ಎಂದು ಅಳಿಯಂದಿರು ಅಡ್ಡ ಬಂದರು. ಕೊನೆಗೆ ಕುಂಕುಮ ಹತ್ತಿದ್ದು ಪೆಟ್ಟಿಗೆಗೆ, ಅದೂ ನುಣುಪು ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದೆ ಕೆಳಗುದುರಿತು. ಕಾರಿನ ಪ್ರಯಾಣಕ್ಕೆ ಈಗ ಮೆತ್ತನೆಯ ಚೀಲವನ್ನೂ ಕೊಂಡಿದ್ದಾರೆ. ಬಿಲ್ಲು ಚೀಲದಲ್ಲಿ ತಿರುಗುತ್ತದೆ, ಗಟ್ಟಿ ಪೆಟ್ಟಿಗೆಯಲ್ಲಿ ಮಗಳು ಚಳಿಗಾಲದ ರಜಾಯಿ ತುಂಬಿದ್ದಾಳೆ.

ಅಲ್ಲಿರುವ ನಮ್ಮ ಹುಡುಗರು ಯಾರಾದರೂ ಬಿಲ್ಲುಪೆಟ್ಟಿಗೆ ಕೊಳ್ಳುವುದಿದ್ದರೆ, ಸೈಟು, ಬತ್ತಳಿಕೆ ಎಲ್ಲ ಕಟ್ಟಿದ ಮೇಲೆ ಟೇಪು ಹಿಡಿದು ಉದ್ದ, ಅಗಲ, ದಪ್ಪ ಮೂರನ್ನೂ ಅಳೆಯಿರಿ, ಅಂಗಡಿಯಲ್ಲಿ ಒಳ ಅಳತೆಯನ್ನೇ ಕೇಳಿ. ಊರಿಗೆ ತಂದು ಮಲೆನಾಡಿನಲ್ಲಿ ಬೇಟೆಯಾಡುವ ಆಸೆ ಇದ್ದರೆ ಮಾತ್ರ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ: ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಜಿಂಕೆಗೆ ಗುರಿಯಿಟ್ಟವರನ್ನು ಕೂಡಿಡುವ ಜಾಗಕ್ಕೆ ಸರ್ಕಾರದ್ದೇ ಬೀಗ.