ಅಜ್ಜಪ್ರಮಾಣ: ಖಾಸಗಿ ಗೈಡುಗಳ ಜ್ಞಾನಮೀಮಾಂಸೆಗೊಂದು ಪ್ರವೇಶಿಕೆ

ಹಂಪಿಯಂಥ ಊರುಗಳಲ್ಲಿ ಗೈಡಿಗೆ ಗುರುತಿನ ಚೀಟಿ ಉಂಟು, ದರ ಉಂಟು. ಧಾರವಾಡ ಜಿಲ್ಲೆಯ ಹಳ್ಳಿಗಾಡಿನಲ್ಲಿ ಎರಡೂ ಇಲ್ಲ. ಗುಡಿಯ ಕಟ್ಟೆ ಮೇಲೆ ಎಲೆಅಡಿಕೆ ಜಗಿಯುತ್ತ ಕೂತವರಲ್ಲಿ ಯಾರು ಮೊದಲು "ಯಾವೂರ್ರಿ ನಿಮ್ದು?" ಅನ್ನುತ್ತಾರೋ ಅವರೇ ಗೈಡು, ನೇಮಕಾತಿ ಅಲ್ಲಿಗೆ ಮುಗಿಯಿತು. ಈ ವರ್ಗದ ಬಗ್ಗೆ ವಿದ್ವತ್ ಲೋಕ ಈವರೆಗೆ ತಾಳಿರುವ ಮೌನ ಖಂಡನೀಯ.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಒಪ್ಪಿದರು. ನಮ್ಮ ಗೈಡಿಗೆ ಐದನೆಯದೊಂದೇ ಸಾಕು: "ನಮ್ಮಜ್ಜ ಹೇಳ್ತಿದ್ದ." ಇದನ್ನು ಅಜ್ಜಪ್ರಮಾಣ ಎನ್ನೋಣ. ಇದಕ್ಕೆ ಖಂಡನೆಯಿಲ್ಲ, ಯಾಕೆಂದರೆ ಅಜ್ಜ ತೀರಿಕೊಂಡಿರುತ್ತಾನೆ.

ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಸುಮಾರು 1050ರದು, ಬಳಪದ ಕಲ್ಲಿನದು, 76 ಕಂಬಗಳದ್ದು ಎಂಬುದು ಪುಸ್ತಕಪಕ್ಷ. ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿ, ಕೋಳಿ ಕೂಗಿದ್ದಕ್ಕೆ ಉಳಿ ಬಿಸಾಕಿ ಹೋದ ಎಂಬುದು ಅಜ್ಜಪಕ್ಷ. ಕಂಬ ಎಣಿಸಲು ಹೊರಟರೆ ಗೈಡು ತಡೆಯುತ್ತಾನೆ: "ಎಣಿಸಬ್ಯಾಡ್ರಿ, ಲೆಕ್ಕ ಹತ್ತಂಗಿಲ್ಲ." ನೀವು ಎಣಿಸುವಷ್ಟು ಹೊತ್ತೂ ಆತ ಪಕ್ಕದಲ್ಲಿ ಮಾತಾಡುತ್ತಲೇ ಇರುವುದರಿಂದ ಲೆಕ್ಕ ನಿಜಕ್ಕೂ ಹತ್ತುವುದಿಲ್ಲ. ಸಿದ್ಧಾಂತ ಸಾಬೀತು.

ಇನ್ನು ಆದಿಕವಿ ಪಂಪ. ಅವನ ತಮ್ಮ ಜಿನವಲ್ಲಭ ಕರೀಂನಗರ ಸೀಮೆಯ ಕುರ್ಕ್ಯಾಲದಲ್ಲಿ ಬರೆಸಿದ ಶಾಸನದ ಪ್ರಕಾರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪಂಪ ಹುಟ್ಟಿದ್ದೂ ಇಲ್ಲೇ ಎನ್ನಲು ಪಂಡಿತರು ಪುಟಗಟ್ಟಲೆ ವಾದಿಸಬೇಕಾಯಿತು. ಗೈಡು ಒಂದೇ ಮಾತಿಗೆ ಮುಗಿಸಿದ: "ಚೊಚ್ಚಲ ಬಾಣಂತನ ತವರುಮನ್ಯಾಗ ಅಲ್ದ ಮತ್ತೆಲ್ಲಿ ಆಗ್ತೈತ್ರಿ?" ಹಳಗನ್ನಡ ಸಂಶೋಧನೆ ಬಾಣಂತನದ ಕೋಣೆಗೆ ಇಷ್ಟು ತಡವಾಗಿ ಬಂತಲ್ಲ ಎಂಬುದೇ ನನ್ನ ಸಂಕಟ.

ಕುಂದಗೋಳದಲ್ಲಿ ಶಂಭುಲಿಂಗನ ಗುಡಿಗೆ ಐದು ನಿಮಿಷ ಕೊಟ್ಟು, ಸವಾಯಿ ಗಂಧರ್ವರ ವಿಷಯಕ್ಕೆ ಒಂದು ತಾಸು ಕೊಡುತ್ತಾರೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು, ಭೀಮಸೇನ ಜೋಶಿ ಗುರುವಿನ ಮನೆಗೆ ನೀರು ಹೊತ್ತರು. ಇದೆಲ್ಲ ಸತ್ಯವೇ ಆದ್ದರಿಂದ ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ನಿಸರ್ಗ ವಿಭಾಗಕ್ಕೆ ನವಲಗುಂದದ ಬೆಣ್ಣಿಹಳ್ಳ. ಬೇಸಿಗೆಯಲ್ಲಿ ಹೋದರೆ, "ಈಗೇನೂ ಇಲ್ರಿ, ಮಳಿಗಾಲದಾಗ ಬರ್ರಿ." ಮಳೆಗಾಲದಲ್ಲಿ ಹೋದರೆ ಹಳ್ಳ ಹೊಲಗಳ ಮೇಲೆ ಹತ್ತಿ ಕೂತಿರುತ್ತದೆ, ರಸ್ತೆ ಬಂದ್. ಎರಿಮಣ್ಣು ಬೂಟಿಗೆ ಅಂಟಿ, ಪ್ರವಾಸಿಯ ಎತ್ತರ ಹೆಜ್ಜೆಹೆಜ್ಜೆಗೂ ಹೆಚ್ಚುತ್ತದೆ. ಆಗಿನ ಉಪದೇಶ: "ಇಂಥಾದ್ರಾಗ ಯಾರ್ ಬಾ ಅಂದ್ರ ನಿಮಗ?" ಬೆಣ್ಣಿಹಳ್ಳ ನೋಡಲು ಯೋಗ್ಯ ಕಾಲವೆಂಬುದೇ ಇಲ್ಲ ಎಂಬ ನಿಲುವಿಗೆ ನಾನು ಬಂದಿದ್ದೇನೆ.

ಕಲಘಟಗಿಯ ಕಡೆ ಮಲೆನಾಡಿನ ಸೆರಗು ಶುರುವಾಗುತ್ತದೆ. ಕಾಡು ತೋರಿಸೆಂದರೆ ಗೈಡಿಗೆ ಮುಜುಗರ: "ಗಿಡಾ ಏನ್ ನೋಡ್ತೀರ್ರಿ?" ಎಂದು ಊರೊಳಗೆ ತೊಟ್ಟಿಲು ಮಾಡುವವರ ಮನೆಗೆ ಕರೆತಂದು ನಿಲ್ಲಿಸಿದ. ಮರದ ಪಟ್ಟಿಯ ಮೇಲೆ ಪುರಾಣದ ಚಿತ್ರ, ಅದರ ಮೇಲೆ ಅರಗಿನ ಹೊಳಪು; ಕೆಂಪಿನಲ್ಲಿ ಮುಖ ಕಾಣುತ್ತದೆ. ಇದೂ ತವರಿನ ಕಡೆಯಿಂದ ಬರುವ ಸಾಮಾನು. ಸಂಶೋಧಕನಿಗೆ ತಟ್ಟನೆ ಹೊಳೆಯಿತು: ಹಾಗಾದರೆ ಪಂಪನ ತೊಟ್ಟಿಲು?

"ಕಲಘಟಗೀದ," ಎಂದ ಗೈಡು. "ನಮ್ಮಜ್ಜ ಹೇಳ್ತಿದ್ದ."