‘ಡಿಕ್ಕಿ ಹೊಡೆದದ್ದು ದೋಣಿಯೇ’: ಮುಳುಗುಬಂಡೆಯೊಂದಿಗೆ ಸಂದರ್ಶನ

ಭರತದಲ್ಲಿ ನೀರಿನಡಿ ಅಡಗಿ, ಇಳಿತದಲ್ಲಿ ನೆತ್ತಿಯನ್ನಷ್ಟೇ ತೋರಿಸುವ ಅಥವಾ ಎಂದೂ ತೋರಿಸದ ಕಲ್ಲು ಮುಳುಗುಬಂಡೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಬಳಿಯ ಹಿರಿಯ ಬಂಡೆಯೊಂದು ಇಳಿತದ ಬಿಡುವಿನಲ್ಲಿ ಸಂದರ್ಶನಕ್ಕೆ ಒಪ್ಪಿತು. ಕಚೇರಿ ಟಿಪ್ಪಣಿಯ ಭಾಷೆ ರೂಢಿಯಾಗಿರುವುದರಿಂದ ಅದು ತನ್ನನ್ನು ‘ಬಂಡೆ’ ಎಂದೇ ಕರೆದುಕೊಳ್ಳುತ್ತದೆ.

ಸೇವಾವಧಿ?
ಸುಮಾರು 8.8 ಕೋಟಿ ವರ್ಷ. ಲಾವಾ ತಣಿದು ಕಂಬಗಳಾದ ದ್ವೀಪದ ಕಲ್ಲಿನ ಕುಲವೇ ಬಂಡೆಯದೂ. ವರ್ಗಾವಣೆ ಒಂದೇ ಸಲ, ಭಾರತ ಮಡಗಾಸ್ಕರ್‌ನಿಂದ ಬೇರೆಯಾದಾಗ.

ಬಂಡೆ ದೋಣಿಗಳಿಗೆ ಬಡಿಯುತ್ತದೆ ಎಂಬ ದೂರಿದೆ.
ಬಂಡೆ ಸ್ಥಳ ಬಿಟ್ಟು ಕದಲಿದ ದಾಖಲೆ ಇಲ್ಲ. ನೌಕಾನಕ್ಷೆಯಲ್ಲಿ ಸದಾ ಮುಳುಗಿರುವ ಅಪಾಯದ ಕಲ್ಲಿಗೆ ಕೂಡುಚಿಹ್ನೆ, ಇಳಿತದಲ್ಲಿ ತಲೆ ಎತ್ತುವುದಕ್ಕೆ ನಕ್ಷತ್ರದ ಗುರುತು. ನಕ್ಷೆಯನ್ನು ಸೀಟಿನಡಿ ಇಟ್ಟು ಸಾಗುವವರ ಬಗ್ಗೆ ಬಂಡೆಗೆ ಅಭಿಪ್ರಾಯವಿಲ್ಲ.

‘ನಿನ್ನೆ ಇದೇ ಹೊತ್ತಿಗೆ ದಾಟಿದ್ದೆವು’ ಎನ್ನುತ್ತಾರಲ್ಲ?
ನಿನ್ನೆ ನಾಲ್ಕಕ್ಕಿದ್ದ ಭರತ ಇಂದು ಸುಮಾರು ನಾಲ್ಕು ಐವತ್ತಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಇನ್ನೂ ಕೆಳಕ್ಕೆ ಹೋಗುತ್ತದೆ. ಗಡಿಯಾರ ಸಾಲದು, ಭರತ-ಇಳಿತದ ಪಟ್ಟಿ ಬೇಕು.

ದಾಟುವಷ್ಟು ನೀರಿದೆಯೇ ಎಂಬ ಲೆಕ್ಕ ಹೇಗೆ?
ನಕ್ಷೆಯ ಆಳ 1.2 ಮೀಟರ್, ಆ ಹೊತ್ತಿನ ಭರತ 0.9, ಒಟ್ಟು 2.1. ದೋಣಿಯ ತಳ 1.5 ಮೀಟರ್ ಮುಳುಗಿದ್ದರೆ ಉಳಿಯುವುದು 0.6. ಒಂದು ಮೀಟರ್ ಅಲೆಯ ತಗ್ಗಿಗೆ ಇಳಿದಾಗ ಅರ್ಧ ಮೀಟರ್ ಹೋಯಿತು. ಉಳಿದದ್ದು ಗೇಣಿಗೂ ಕಡಿಮೆ. ಜನ ಹೆಚ್ಚು ಹತ್ತಿದ್ದರೆ ಅದೂ ಇಲ್ಲ.

ಕಣ್ಣಿಗೆ ಕಾಣುವ ಸುಳಿವು?
ಸುತ್ತಲಿನ ನೀರು ಸುಮ್ಮನಿದ್ದು ಒಂದೇ ಕಡೆ ಅಲೆ ಮುರಿದು ನೊರೆ ಎದ್ದರೆ, ನೀರು ಕಂದು ಬಣ್ಣಕ್ಕೆ ತಿರುಗಿದರೆ, ಕೆಳಗೆ ಯಾರೋ ಇದ್ದಾರೆ. ಬಿಸಿಲು ಬೆನ್ನಿಗಿದ್ದಾಗ ಚೆನ್ನಾಗಿ ಕಾಣುತ್ತದೆ. ಎದುರಿಗಿದ್ದರೆ ನೀರಿನ ಹೊಳಪು ಎಲ್ಲವನ್ನೂ ಮುಚ್ಚುತ್ತದೆ. ವೇಗ ತಗ್ಗಿಸಿ, ದೋಣಿಯ ಮುಂಭಾಗದಲ್ಲಿ ಒಬ್ಬರನ್ನು ನೋಡಲು ನಿಲ್ಲಿಸಬೇಕು. ಮಳೆಯ ಕೆಂಪು ನೀರಿನಲ್ಲಿ ಬಣ್ಣವನ್ನು ನಂಬುವಂತಿಲ್ಲ.

ನೀರಿನ ಮೇಲೆ ತೇಲುವ ಗುರುತಿನ ಬೋಯ್?
ಕಪ್ಪು ಮೈಗೆ ಕೆಂಪು ಪಟ್ಟಿ, ನೆತ್ತಿಯ ಮೇಲೆ ಎರಡು ಕಪ್ಪು ಗುಂಡು, ರಾತ್ರಿ ಎರಡೆರಡು ಸಲ ಮಿನುಗುವ ಬಿಳಿ ದೀಪ: ಇದು ಒಂಟಿ ಅಪಾಯದ ಗುರುತು. ಎಲ್ಲ ಬಂಡೆಗಳಿಗೂ ಈ ಗೌರವ ಸಿಗುವುದಿಲ್ಲ.

ಅಳಿವೆ ಬಾಗಿಲಿನ ಮರಳುದಿಬ್ಬದ ಬಗ್ಗೆ?
ಅದರ ಪರವಾಗಿ ಬಂಡೆ ಮಾತಾಡದು. ನೆರೆಗೂ ಅಲೆಗೂ ಅದು ಜಾಗ ಬದಲಿಸುತ್ತದೆ, ನಕ್ಷೆ ಹಳತಾಗುತ್ತದೆ. ಅಲ್ಲಿ ನಂಬಬೇಕಾದದ್ದು ಅದೇ ವಾರ ದೋಣಿ ನಡೆಸಿಕೊಂಡು ಹೋಗಿ ಬಂದ ತಂಡೇಲನನ್ನು. ಹೂಳೆತ್ತುವ ಟೆಂಡರ್ ತೆರೆಯುವಷ್ಟರಲ್ಲಿ ದಿಬ್ಬ ಮಗ್ಗುಲು ಬದಲಿಸಿರುತ್ತದೆ.

ತಾಗಿಯೇ ಬಿಟ್ಟರೆ?
ಎಂಜಿನ್ ನ್ಯೂಟ್ರಲ್‌ಗೆ, ಎಲ್ಲರಿಗೂ ಲೈಫ್ ಜಾಕೆಟ್, ಆಮೇಲೆ ತಳ ಪರಿಶೀಲನೆ. ತೂತಾಗಿದ್ದರೆ ಅವಸರದಿಂದ ಆಳಕ್ಕೆ ಎಳೆಯಬಾರದು. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಅಥವಾ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಹೋಗಬೇಕು. ತಳ ಗಟ್ಟಿಯಿದ್ದು, ಏರುನೀರಿನಲ್ಲಿ ತಾಗಿದ್ದರೆ ಸಮುದ್ರವೇ ಎತ್ತಿ ಬಿಡುತ್ತದೆ. ಇಳಿನೀರಿನಲ್ಲಾದರೆ ಮುಂದಿನ ಭರತದವರೆಗೆ ಬಂಡೆಯ ಆತಿಥ್ಯ. ಊಟದ ವ್ಯವಸ್ಥೆ ಇರುವುದಿಲ್ಲ.