ಶೋಧವೃತ್ತಿದೋಷದರ್ಪಣಂ: ಕಿರುವ್ಯಾಖ್ಯಾನ ಸಹಿತ

ಶೋಧಯಂತ್ರಗಳಲ್ಲಿ ಜಾಹೀರಾತು ಹಾಕಿಸಿ, ಪುಟಗಳನ್ನು ಮೇಲಕ್ಕೆತ್ತಿ ಹೊಟ್ಟೆ ಹೊರೆಯುವವರು ಮಾಡಬಾರದ ತಪ್ಪುಗಳನ್ನು ಕುರಿತ 'ಶೋಧವೃತ್ತಿದೋಷದರ್ಪಣಂ' ಎಂಬ ಲಕ್ಷಣಗ್ರಂಥವು ಬಹುಕಾಲ ವಿದ್ವಾಂಸರ ಕಣ್ಣಿಗೆ ಬೀಳದೇ ಹೋದದ್ದು ನಾಡಿನ ದೌರ್ಭಾಗ್ಯವೇ ಸರಿ. ಇದರ ಒಂದೇ ಒಂದು ಪ್ರತಿ ಉಪಲಬ್ಧವಿದೆ. ಅದು ಓಲೆಗರಿಯಲ್ಲ, ಕಡತವೂ ಅಲ್ಲ. ಕೋರಮಂಗಲದಲ್ಲಿ ಬಾಗಿಲು ಮುಚ್ಚಿದ ಏಜೆನ್ಸಿಯೊಂದರ ಗೂಗಲ್ ಶೀಟು. ನಮಗೆ ಸಿಕ್ಕಿರುವುದು ನೋಡುವ ಅನುಮತಿ ಮಾತ್ರ. ತಿದ್ದುವ ಅನುಮತಿ ಕೇಳಿ ಕಳಿಸಿದ ಮನವಿಗೆ ಉತ್ತರ ಬಂದಿಲ್ಲ. ಕವಿ ಆ ಕೆಲಸದಲ್ಲೇ ಇಲ್ಲವಂತೆ. ಗೆದ್ದಲು ತಿಂದ ಭಾಗಗಳಿಲ್ಲ. ಆದರೆ ನಡುನಡುವೆ ಹೈಡ್ ಮಾಡಿದ ಸಾಲುಗಳಿರುವುದರಿಂದ ಸೂತ್ರಸಂಖ್ಯೆಗಳು ಜಿಗಿಯುತ್ತವೆ. ಕವಿಯ ಹಳಗನ್ನಡ ಪಿಯುಸಿ ಮಟ್ಟದ್ದೆಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಕಾಲನಿರ್ಣಯದಲ್ಲಿ ವಿದ್ವಾಂಸರು ಎರಡು ಬಣವಾಗಿದ್ದಾರೆ. ಕವಿ ಉದ್ದಕ್ಕೂ 'ಆಡ್‌ವರ್ಡ್ಸ್' ಎಂದೇ ಬರೆಯುತ್ತಾನೆ. ಗೂಗಲ್‌ನ ಆ ಹೆಸರಿನ ಜಾಹೀರಾತು ಸೇವೆ 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಶುರುವಾಗಿ, 2018ರ ಜುಲೈನಲ್ಲಿ 'ಗೂಗಲ್ ಆಡ್ಸ್' ಎಂದು ಹೆಸರು ಬದಲಿಸಿಕೊಂಡಿತು. ಆದ್ದರಿಂದ ಗ್ರಂಥ 2018ಕ್ಕಿಂತ ಹಿಂದಿನದು ಎಂದು ಹಿರಿಯರ ಪಕ್ಷ. ಆದರೆ 31ನೆಯ ಸೂತ್ರದಲ್ಲಿ ಕವಿ, ತಾಣಕ್ಕೆ ಬಂದವರನ್ನು ಎಣಿಸುವ ಗೂಗಲ್‌ನ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಂದು ಲೆಕ್ಕವಿಡುವುದನ್ನು ನಿಲ್ಲಿಸಿದ್ದಕ್ಕೆ ಅತ್ತಿದ್ದಾನೆ. ಅದು ಪ್ರಕ್ಷಿಪ್ತ ಎನ್ನುತ್ತಾರೆ ಹಿರಿಯರು. ಅತ್ತಿರುವ ರೀತಿ ನೋಡಿದರೆ ಸ್ವಾನುಭವವೇ ಸರಿ, ಹೆಸರು ಬದಲಾದ ಸುದ್ದಿ ಕವಿಯ ಬಾಯಿಗೆ ಇನ್ನೂ ಮುಟ್ಟಿಲ್ಲ ಅಷ್ಟೆ ಎನ್ನುತ್ತಾರೆ ಕಿರಿಯರು. ಈ ವ್ಯಾಖ್ಯಾನಕಾರನು ಕಿರಿಯರ ಕಡೆ.

ಕಾವ್ಯಸಂಪ್ರದಾಯದಂತೆ ಮೊದಲಿಗೆ ಪೂರ್ವಸೂರಿಗಳ ಸ್ತುತಿ. ಮೊದಲ ನಮಸ್ಕಾರ ವಿಲಿಯಂ ವಿಕ್ರಿ ಅವರಿಗೆ. ಹರಾಜಿನಲ್ಲಿ ಗೆದ್ದವನು ತಾನು ಕೂಗಿದ ಬೆಲೆಯನ್ನಲ್ಲ, ಎರಡನೆಯವನು ಕೂಗಿದ ಬೆಲೆಯನ್ನು ಕೊಟ್ಟರೆ ಏನಾಗುತ್ತದೆ ಎಂದು 1961ರಲ್ಲೇ ವಿಚಾರ ಮಾಡಿದವರು, 1996ರ ನೊಬೆಲ್ ಪುರಸ್ಕೃತರು. ಎರಡನೆಯದು ಬಿಲ್ ಗ್ರಾಸ್ ಅವರಿಗೆ. ಹುಡುಕಿದ ಪದಕ್ಕೆ ಹೆಚ್ಚು ಕೂಗಿದವರು ಮೇಲೆ, ಕ್ಲಿಕ್ಕಾದರೆ ಮಾತ್ರ ಕಾಸು ಎಂದು 1998ರಲ್ಲಿ ಗೋಟು ಡಾಟ್ ಕಾಂನಲ್ಲಿ ಅಂಗಡಿ ತೆರೆದವರು ಅವರು. ಹುಡುಕಾಟದ ಫಲಿತಾಂಶವನ್ನು ಮಾರುವುದೇ ಎಂದು ಮರ್ಯಾದಸ್ಥರು ಮೂಗು ಮುರಿದರು. ಮುಂದೆ ಓವರ್‌ಚರ್ ಎಂದಾದ ಅದೇ ಕಂಪನಿಯನ್ನು 2003ರಲ್ಲಿ ಯಾಹೂ 160 ಕೋಟಿ ಡಾಲರಿಗೂ ಮೇಲೆ ಕೊಟ್ಟು ಕೊಂಡಿತು. ಗೂಗಲ್ ಇವೆರಡು ಮತಗಳನ್ನೂ ಕಲೆಸಿ, ಕೂಗಿದ ಬೆಲೆಯ ಜೊತೆಗೆ ಜಾಹೀರಾತಿನ ಗುಣವನ್ನೂ ತೂಗತೊಡಗಿತು. ದುಡ್ಡೇ ದೊಡ್ಡಪ್ಪ ಎಂಬುದು ಈ ಶಾಸ್ತ್ರದಲ್ಲಿ ಅರ್ಧಸತ್ಯ.

ಆಮೇಲೆ ಕುಕವಿನಿಂದೆ. ಪುಟದ ಮರೆಯಲ್ಲಿ ಮೆಟಾ ಕೀವರ್ಡ್ ಎಂಬ ಜಾಗವೊಂದುಂಟು. ಅದರೊಳಗೆ 'ಅಗ್ಗದ ಸೋಫಾ, ಉತ್ತಮ ಸೋಫಾ, ಅತ್ಯುತ್ತಮ ಅಗ್ಗದ ಸೋಫಾ' ಎಂದು ಸಹಸ್ರನಾಮ ಬರೆಯುವವರನ್ನು ಕವಿ ಹೆಸರೆತ್ತದೆ ಬೈದಿದ್ದಾನೆ. ಸ್ಥಾನ ನಿರ್ಧರಿಸಲು ಆ ಜಾಗವನ್ನು ತಾನು ನೋಡುವುದೇ ಇಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಸಾರಿತು. ಅರ್ಚನೆ ಮುಂದುವರಿದಿದೆ, ದಕ್ಷಿಣೆಯೂ.

ಸೂತ್ರ 1: ಒಡೆಯನಲ್ಲದವಂ ನುಡಿಗುಡಲಾಗದು.

ವೃತ್ತಿ: ನಿಮ್ಮನ್ನು ಗೂಗಲ್‌ನಲ್ಲಿ ನಂಬರ್ ಒನ್ ಮಾಡುತ್ತೇನೆ, ಗ್ಯಾರಂಟಿ ಎನ್ನುವುದು ಪ್ರಥಮ ದೋಷ. ಅಂಥ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿಟ್ಟಿದೆ. ಜಾಹೀರಾತಿಗೆ ಎಷ್ಟೇ ಸುರಿದರೂ ಸಹಜ ಫಲಿತಾಂಶಗಳಲ್ಲಿ ಸ್ಥಾನ ಮೇಲೇರದು ಎಂದೂ ಹೇಳಿದೆ. ಇಲ್ಲಿ ಪೂರ್ವಪಕ್ಷ: ಗ್ಯಾರಂಟಿ ಕೊಟ್ಟು ನಡೆಸಿಕೊಟ್ಟವರು ಇಲ್ಲವೇ? ಉಂಟು. ಯಾರೂ ಹುಡುಕದ ಪದವನ್ನು ಆರಿಸಿಕೊಂಡವರು ಅವರು. 'ಚಾಮರಾಜಪೇಟೆ ಮೂರನೇ ಕ್ರಾಸ್ ಎಡಬದಿಯ ಸ್ಟೀಲ್ ಪಾತ್ರೆ ಅಂಗಡಿ' ಎಂದು ಹುಡುಕಿದರೆ ಆ ಅಂಗಡಿಯೇ ಮೊದಲು ಬರುತ್ತದೆ. ಹಾಗೆ ಹುಡುಕುವವರು ಅಂಗಡಿಯ ಯಜಮಾನರೊಬ್ಬರೇ, ಅದೂ ರಿಪೋರ್ಟ್ ಕೈಗೆ ಬಂದ ದಿನ. 2004ರಲ್ಲಿ ಈ ವಿದ್ಯೆಗೆ ಒಂದು ಸ್ಪರ್ಧೆಯೇ ನಡೆಯಿತು: 'ನಿಗ್ರಿಟ್ಯೂಡ್ ಅಲ್ಟ್ರಾಮರೀನ್' ಎಂಬ ಅರ್ಥವಿಲ್ಲದ ಜೋಡಿಪದಕ್ಕೆ ಗೂಗಲ್‌ನಲ್ಲಿ ಮೊದಲ ಸ್ಥಾನ ಗಿಟ್ಟಿಸಬೇಕು. ಕಸುಬಿನ ಮಲ್ಲರೆಲ್ಲ ತೊಡೆ ತಟ್ಟಿದರು. ಕೊನೆಯ ಸುತ್ತು ಗೆದ್ದವರು ಅನಿಲ್ ಡ್ಯಾಶ್ ಎಂಬ ಬ್ಲಾಗ್ ಬರಹಗಾರರು. ಅವರು ಮಾಡಿದ್ದಿಷ್ಟೆ, ನನ್ನ ಪುಟಕ್ಕೊಂದು ಕೊಂಡಿ ಕೊಡಿ ಎಂದು ತಮ್ಮ ಓದುಗರನ್ನು ಕೇಳಿದ್ದು.

ಸೂತ್ರ 4: ಕೊಂಡ ಕೊಂಡಿ ಕೊರಳ್ಗೆ.

ವೃತ್ತಿ: ಕೇಳಿ ಪಡೆದ ಕೊಂಡಿ ಬೇರೆ, ಕಾಸು ಕೊಟ್ಟು ಕೊಂಡದ್ದು ಬೇರೆ. ಅಮೆರಿಕದ ಜೆ.ಸಿ. ಪೆನ್ನಿ ಎಂಬ ಬಟ್ಟೆಬರೆ ಮಳಿಗೆ 2010ರ ಕೊನೆಯ ಹಬ್ಬದ ದಿನಗಳಲ್ಲಿ ಉಡುಪು, ಹಾಸಿಗೆ, ನೆಲಹಾಸು ಎಂದು ಏನು ಹುಡುಕಿದರೂ ಮೇಲೆಯೇ ಇತ್ತು. ಏನೂ ಸಂಬಂಧವಿಲ್ಲದ ಸಾವಿರಾರು ಪುಟಗಳು ಕೊಂಡಿ ಕೊಟ್ಟು ಅದರತ್ತ ಬೆರಳು ಮಾಡುತ್ತಿರುವುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಗೂಗಲ್ ಕೈಯಾರೆ ಶಿಕ್ಷೆ ಕೊಟ್ಟಿತು. ಸ್ಯಾಮ್ಸನೈಟ್ ಕೈಪೆಟ್ಟಿಗೆಗೆ ಸಂಜೆ ಏಳಕ್ಕೆ ಮೊದಲನೆಯ ಸ್ಥಾನದಲ್ಲಿದ್ದ ಮಳಿಗೆ ಎರಡು ಗಂಟೆ ಕಳೆಯುವುದರೊಳಗೆ 71ಕ್ಕೆ ಇಳಿದಿತ್ತು. ನಮ್ಮ ಶಾಸ್ತ್ರಕ್ಕೆ ಮುಖ್ಯವಾದದ್ದು ಅದರ ಮುಂದಿನ ಘಟನೆ. ಕೊಂಡಿಗಳು ನಮಗೆ ಗೊತ್ತೇ ಇಲ್ಲ ಎಂದ ಮಳಿಗೆ, ತನ್ನ ಶೋಧ ಸಲಹೆಗಾರ ಸಂಸ್ಥೆಯನ್ನು ಮನೆಗೆ ಕಳಿಸಿತು. ಹಬ್ಬದ ಮಾರಾಟ ಮಳಿಗೆಯ ಲೆಕ್ಕಕ್ಕೆ, ಕೊರಳು ಸಲಹೆಗಾರನ ಲೆಕ್ಕಕ್ಕೆ: ಸೂತ್ರದ ಕೊನೆಯ ಪದಕ್ಕೆ ಇದೇ ಪ್ರಯೋಗ.

ದೊಡ್ಡವರಿಗೆ ವಿನಾಯಿತಿ ಉಂಟೇ? 2006ರಲ್ಲಿ ಬಿಎಂಡಬ್ಲ್ಯುವಿನ ಜರ್ಮನ್ ತಾಣವನ್ನು, ಯಂತ್ರಕ್ಕೊಂದು ಪುಟ ಮನುಷ್ಯರಿಗೊಂದು ಪುಟ ತೋರಿಸಿದ್ದಕ್ಕೆ, ಗೂಗಲ್ ತನ್ನ ಪಟ್ಟಿಯಿಂದಲೇ ಕಿತ್ತುಹಾಕಿತ್ತು. 2012ರ ಜನವರಿಯಲ್ಲಿ ಕಾಸು ಕೊಟ್ಟು ಬರೆಸಿದ ಬರಹಗಳಲ್ಲಿ ತನ್ನದೇ ಕ್ರೋಮ್‌ಗೆ ಕೊಂಡಿ ಬಿದ್ದದ್ದು ಕಂಡಾಗ, ಆ ಪುಟವನ್ನೂ ಕನಿಷ್ಠ 60 ದಿನಕ್ಕೆ ಕೆಳಕ್ಕೆ ತಳ್ಳಿತು. ಆದರೆ ಬಿಎಂಡಬ್ಲ್ಯು ಕೆಲವೇ ದಿನಗಳಲ್ಲಿ ವಾಪಸು ಬಂದಿತೆಂಬುದನ್ನೂ ಕವಿ ಟಿಪ್ಪಣಿಯಲ್ಲಿ ಕಾಣಿಸಿದ್ದಾನೆ. ತುಮಕೂರಿನ ಟೈಲ್ಸ್ ಅಂಗಡಿ ಹಾಗೆ ಬರಲಾರದು.

ಸೂತ್ರ 9: ಬಂದ ಮಳೆಗೆ ಬಿಲ್ಲಂ ಬರೆಯಲಾಗದು.

ವೃತ್ತಿ: ಇಲ್ಲಿ 'ಬಿಲ್ಲಂ' ಎಂಬುದಕ್ಕೆ ಕಾಮನಬಿಲ್ಲೆಂದು ಅರ್ಥ ಹೇಳಿದ ಟೀಕಾಕಾರರು ಏಜೆನ್ಸಿಯ ಇನ್‌ವಾಯ್ಸ್ ಕಂಡವರಲ್ಲ. ಗ್ರಂಥದ ಹೃದಯವೇ ಈ ಸೂತ್ರ. ಊರಿನಲ್ಲಿ ಕಪ್ಪೆ ಮದುವೆ ಮಾಡಿಸಿದರು, ಮಳೆ ಬಂತು, ಪುರೋಹಿತರು ಮಳೆಯ ಇಂಚಿನ ಲೆಕ್ಕದಲ್ಲಿ ದಕ್ಷಿಣೆ ಕೇಳಿದರು. ಇದಕ್ಕೆ ಶಾಸ್ತ್ರದಲ್ಲಿ ಕಪ್ಪೆಮದುವೆ ನ್ಯಾಯವೆಂದು ಹೆಸರು. ಕಂಪನಿಯ ಹೆಸರನ್ನೇ ಟೈಪಿಸಿ ಹುಡುಕುವವನು ಹೇಗಿದ್ದರೂ ಆ ಕಂಪನಿಗೇ ಹೊರಟವನು. ಅವನ ದಾರಿಯಲ್ಲಿ ಒಂದು ಆಡ್ ನಿಲ್ಲಿಸಿ, ಅವನು ಅದನ್ನು ಒತ್ತಿದ ಕೂಡಲೇ 'ನಾವು ತಂದ ಗಿರಾಕಿ' ಎಂದು ರಿಪೋರ್ಟಿಗೆ ಏರಿಸುವುದು ಈ ವೃತ್ತಿಯ ಅತಿ ಸುಲಭದ, ಅತಿ ಗೌರವಾನ್ವಿತವಾದ ದೋಷ. ಇದರಿಂದ ಬಡ್ತಿ ಪಡೆದವರೂ ಇದ್ದಾರೆ.

2012ರಲ್ಲಿ ಇಬೇ ಸಂಸ್ಥೆಯಲ್ಲಿ ಥಾಮಸ್ ಬ್ಲೇಕ್, ಕ್ರಿಸ್ ನೊಸ್ಕೊ, ಸ್ಟೀವನ್ ಟ್ಯಾಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಕಪ್ಪೆಯ ಮದುವೆಯನ್ನೇ ನಿಲ್ಲಿಸಿ ನೋಡಿದರು. 'ಇಬೇ' ಎಂಬ ಪದದ ಜಾಹೀರಾತುಗಳನ್ನು ಯಾಹೂ ಮತ್ತು ಎಂಎಸ್‌ಎನ್‌ನಲ್ಲಿ ನಿಲ್ಲಿಸಿದರು. ಹೋದ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಜಾಹೀರಾತಿನ ಕೆಳಗಿದ್ದ ಪುಕ್ಕಟೆ ಕೊಂಡಿಯ ಮೂಲಕ ವಾಪಸು ಬಂದವು. 2015ರಲ್ಲಿ ಇದು ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಅಚ್ಚಾಯಿತು. ಕವಿ ಇದನ್ನು ಓದಿ ಅತ್ಯುತ್ಸಾಹದಿಂದ, ಜಾಹೀರಾತೆಲ್ಲ ದಂಡ ಎಂದು ಮುಂದಿನ ಸಾಲಿನಲ್ಲಿ ಬರೆದು, ಅದನ್ನು ತಾನೇ ಕೆಂಪು ಗೆರೆಯಿಂದ ಹೊಡೆದುಹಾಕಿದ್ದಾನೆ. ಹೊಡೆದದ್ದು ಸರಿ. ಅದೇ ಅಧ್ಯಯನದಲ್ಲಿ, ಇಬೇಯನ್ನು ಅಷ್ಟಾಗಿ ಬಳಸದವರ ಮೇಲೆ ಇತರ ಪದಗಳ ಜಾಹೀರಾತು ಪರಿಣಾಮ ಮಾಡಿತ್ತು. ನಿನ್ನೆ ಬಾಗಿಲು ತೆರೆದ, ಯಾರಿಗೂ ಹೆಸರು ಗೊತ್ತಿಲ್ಲದ ಅಂಗಡಿಗೆ ಜಾಹೀರಾತು ಬೇಕೇ ಬೇಕು. ಪಕ್ಕದ ಅಂಗಡಿಯವನು ನಿಮ್ಮ ಹೆಸರಿನ ಮೇಲೆ ಕೂಗುತ್ತಿದ್ದರೂ ಲೆಕ್ಕ ಬೇರೆಯಾಗುತ್ತದೆ. ದೋಷವಿರುವುದು ಜಾಹೀರಾತಿನಲ್ಲಲ್ಲ. ಒಮ್ಮೆಯೂ ನಿಲ್ಲಿಸಿ ನೋಡದೆ, ಬಂದದ್ದೆಲ್ಲ ನನ್ನಿಂದಲೇ ಎಂದು ತಾನೂ ನಂಬಿಬಿಡುವುದರಲ್ಲಿ.

ಸೂತ್ರ 12: ಇರ್ದಂತೆ ಬಿಡಲಾಗದು.

ವೃತ್ತಿ: ಯಂತ್ರ ಮೊದಲೇ ಟಿಕ್ ಹಾಕಿಟ್ಟ ಆಯ್ಕೆಗಳನ್ನು ಹಾಗೇ ಬಿಡುವುದು. ದಾವಣಗೆರೆಯ ಹಲ್ಲಿನ ಡಾಕ್ಟರೊಬ್ಬರ ಕ್ಯಾಂಪೇನನ್ನು ಕವಿ ಉದಾಹರಿಸುತ್ತಾನೆ. ಸ್ಥಳದ ಆಯ್ಕೆಯನ್ನು ಮುಟ್ಟದಿದ್ದರೆ ದಾವಣಗೆರೆಯಲ್ಲಿರುವವರಿಗೆ ಮಾತ್ರವಲ್ಲ, ದಾವಣಗೆರೆಯ ಮೇಲೆ ಆಸಕ್ತಿ ತೋರಿಸಿದವರಿಗೂ ಆಡ್ ಕಾಣುತ್ತದೆ. ಬೆಣ್ಣೆ ದೋಸೆ ನೆನೆದು ದುಬೈಯಲ್ಲಿ ನಿಟ್ಟುಸಿರಿಟ್ಟವನಿಗೂ. ಪದಕ್ಕೆ ಹತ್ತಿರದ ಹುಡುಕಾಟಗಳಿಗೂ ಆಡ್ ತೋರಿಸುವ ಬ್ರಾಡ್ ಮ್ಯಾಚ್ ಹಾಗೇ ಇದ್ದರೆ 'ಡೆಂಟಲ್' ಎಂದು ಹುಡುಕುವ ಎಲ್ಲರೂ ಬರಬಹುದು. ದಾವಣಗೆರೆಯಲ್ಲಿ ಹಾಗೆ ಹುಡುಕುವವರಲ್ಲಿ ಹಲ್ಲುನೋವಿನವರಿಗಿಂತ ಡೆಂಟಲ್ ಕಾಲೇಜಿನ ಸೀಟು ಬೇಕಾದವರು ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಸೀಟು, ಫೀಸು, ಸಂಬಳ, ಉಚಿತ ಎಂಬ ಪದಗಳನ್ನು, ಆಡ್ ಕಾಣಬಾರದ ಹುಡುಕಾಟಗಳ ನೆಗೆಟಿವ್ ಪಟ್ಟಿಗೆ ಸೇರಿಸದ ಏಜೆನ್ಸಿಯ ಹುಡುಗ ತಿಂಗಳ ಕೊನೆಗೆ ಡಾಕ್ಟರ ಮುಂದೆ ಲ್ಯಾಪ್‌ಟಾಪ್ ತೆರೆಯುತ್ತಾನೆ.

'ಇಂಪ್ರೆಶನ್ ನಲವತ್ತು ಸಾವಿರ ದಾಟಿದೆ ಸರ್.'

'ಹೌದೇನಪ್ಪಾ. ಹಲ್ಲು ಕೀಳಿಸ್ಕೊಳ್ಳೋಕೆ ಎಷ್ಟು ಜನ ಬಂದ್ರು?'

'ಸಿಟಿಆರ್ ಕೂಡ ಹೋದ ತಿಂಗಳಿಗಿಂತ ಚೆನ್ನಾಗಿದೆ ಸರ್.'

'ಆತಪ್ಪ. ಬಂದೋರು ಎಷ್ಟು?'

ಇಲ್ಲಿಂದ ಮುಂದೆ ಮೂರು ಸಾಲು ಹೈಡ್ ಆಗಿವೆ.

ಸೂತ್ರ 13: ಸುಂಕಮಂ ಮರೆಯಲಾಗದು.

ವೃತ್ತಿ: ಒಂದು ಲಕ್ಷ ಕಟ್ಟಿದರೆ ಒಂದು ಲಕ್ಷದ ಜಾಹೀರಾತಲ್ಲ. ಮುಂಗಡ ಕಟ್ಟುವ ಖಾತೆಯಲ್ಲಿ ಶೇ. 18ರ ಜಿಎಸ್‌ಟಿ ಕಳೆದು ಉಳಿಯುವುದು ಸುಮಾರು 84,746 ರೂಪಾಯಿ. ದಿನಕ್ಕೆ 1,000 ಎಂದು ಮಿತಿ ಹಾಕಿದರೂ ಯಂತ್ರ ಒಂದೊಂದು ದಿನ 2,000ದವರೆಗೆ ಖರ್ಚು ಮಾಡೀತು. ತಿಂಗಳ ಲೆಕ್ಕ 30,400 ಮೀರದು. ಇದನ್ನು ಯಜಮಾನರಿಗೆ ಮೊದಲೇ ಹೇಳಿದರೆ ಅದು ನಿಯಮ, ಆಮೇಲೆ ಹೇಳಿದರೆ ಸಬೂಬು.

ಸೂತ್ರ 17: ಮಾರುವವನಿತ್ತ ಮನ್ನಣೆ ಮನ್ನಣೆಯಲ್ತು.

ವೃತ್ತಿ: ಗೂಗಲ್ ಆಡ್ಸ್ ಪ್ರಮಾಣಪತ್ರ ಪುಕ್ಕಟೆ. ಶೇ. 80 ಅಂಕ ಸಾಕು, ಒಂದು ವರ್ಷ ಊರ್ಜಿತ. ಕಲಿಯಲು ಒಳ್ಳೆಯದೇ, ಗೋಡೆಗೆ ಕಟ್ಟು ಹಾಕಿಸಬೇಕಾದದ್ದಲ್ಲ. ಇದಕ್ಕಿಂತ ಅಪಾಯಕಾರಿಯಾದದ್ದು ಖಾತೆಯ ಮೇಲ್ಭಾಗದಲ್ಲಿ ಮಿನುಗುವ ಆಪ್ಟಿಮೈಸೇಶನ್ ಸ್ಕೋರ್. ಬಜೆಟ್ ಏರಿಸಿ, ಬ್ರಾಡ್ ಮ್ಯಾಚ್ ಸೇರಿಸಿ ಎಂಬ ಸಲಹೆಗಳಿಗೆ ಹೂಂ ಅಂದಷ್ಟೂ ಅದು ನೂರರ ಕಡೆ ಏರುತ್ತದೆ. ನೂರಕ್ಕೆ ನೂರು ತೆಗೆದೆನೆಂದು ಬಯೋಡೇಟಾದಲ್ಲಿ ಬರೆದುಕೊಳ್ಳುವವನು, ಹೆಚ್ಚಿನ ಸಲ, ಮಾರುವವನು ಹೇಳಿದ್ದನ್ನೆಲ್ಲ ಕೊಂಡೆನೆಂದು ಸಹಿ ಹಾಕಿದಂತಾಯಿತು.

ಸೂತ್ರ 22: ಮೇಗಿರ್ದುದೆಲ್ಲಂ ದಿಟಮಲ್ತು.

ವೃತ್ತಿ: 2021ರ ಜೂನ್‌ನಲ್ಲಿ ಭಾರತದ ಅತಿ ಕುರೂಪದ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್‌ನ ಉತ್ತರದ ಚೌಕದಲ್ಲಿ ಕನ್ನಡದ ಹೆಸರು ಕಾಣಿಸಿತು. ನಾಡು ಕೆರಳಿತು, ಸರ್ಕಾರ ಕಾನೂನು ಕ್ರಮದ ಮಾತಾಡಿತು, ಗೂಗಲ್ ಉತ್ತರವನ್ನು ತೆಗೆದು ಕ್ಷಮೆ ಕೇಳಿತು, ಅದು ತನ್ನ ಅಭಿಪ್ರಾಯವಲ್ಲ ಎಂದಿತು. ಆ ಚೌಕಕ್ಕೆ ಅಭಿಪ್ರಾಯವೆಂಬುದೇ ಇಲ್ಲ. ಕೇಳಿದ ಮಾತಿಗೆ ಹೊಂದುವ ವಾಕ್ಯ ಯಾವ ಮೂಲೆಯಲ್ಲಿದ್ದರೂ ಎತ್ತಿ ತಂದು ಮೇಲಿಡುತ್ತದೆ. 2024ರ ಮೇ ತಿಂಗಳಲ್ಲಿ ಇದರ ತಮ್ಮನಾದ ಎಐ ಉತ್ತರವು ಪಿಜ್ಜಾದ ಮೇಲಿನ ಚೀಸ್ ಜಾರದಿರಲು ಗೋಂದು ಬೆರೆಸಿ ಎಂದು ಸಲಹೆ ಮಾಡಿತು. ಆದ್ದರಿಂದ, ಸಾರ್ ನಾವೇ ಟಾಪ್‌ನಲ್ಲಿದ್ದೇವೆ, ಸರಕು ಚೆನ್ನಾಗಿದೆ ಎಂದೇ ಅರ್ಥವಲ್ಲವೇ ಎನ್ನುವ ವೃತ್ತಿಪರನಿಗೆ ಈ ಎರಡು ದೃಷ್ಟಾಂತಗಳನ್ನೂ ತೋರಿಸಿ ಸುಮ್ಮನಾಗಬಹುದು. ಎಐಯಿಂದ ತಿಂಗಳಿಗೆ ಸಾವಿರ ಪುಟ ಬರೆಸುತ್ತೇನೆಂದು ಹೊರಟವರಿಗೆ ಪ್ರತ್ಯೇಕ ಸೂತ್ರವಿಲ್ಲ. ಹುಡುಕಾಟದ ಸ್ಥಾನಕ್ಕಾಗಿಯೇ ರಾಶಿ ಹಾಕುವ ಪುಟಗಳ ವಿರುದ್ಧ ಗೂಗಲ್ 2024ರ ಮಾರ್ಚ್‌ನಲ್ಲಿ ತಂದ ನಿಯಮವೇ ಅವರಿಗೆ ಸಾಕು.

31ನೆಯ ಸೂತ್ರದ ಅಳುವನ್ನು ಆಗಲೇ ಹೇಳಿದೆ. ಅದರ ಅಂಚಿನಲ್ಲೊಂದು ಕಾಮೆಂಟ್ ಉಂಟು: 'ಎಸ್‌ಇಒ (ಪುಟ ಮೇಲೆತ್ತುವ ವಿದ್ಯೆ) ಸತ್ತಿತು' ಎಂದು ವರ್ಷಕ್ಕೊಮ್ಮೆ ಸಾರುವವರು ತಿಥಿಯ ದಿನವೇ ಅದರ ಹೊಸ ಕೋರ್ಸ್ ಮಾರುತ್ತಾರೆ. ಇದು ಕವಿಯದ್ದೋ ಲಿಪಿಕಾರನದ್ದೋ ತಿಳಿಯದು.

ಸೂತ್ರ 40: ಕೀಲಿಕೈ ಮನೆಯೊಡೆಯಂಗೆ.

ವೃತ್ತಿ: ಗಿರಾಕಿಯ ಜಾಹೀರಾತು ಖಾತೆಯನ್ನು ತನ್ನ ಸ್ವಂತ ಜಿಮೇಲ್‌ನಲ್ಲಿ ತೆರೆಯುವುದು ಅಂತಿಮ ದೋಷ. ತೆರೆಯುವಾಗ ಅದು ಅನುಕೂಲ, ಕೆಲಸ ಬಿಡುವಾಗ ಜಗಳ. ವರ್ಷಗಟ್ಟಲೆ ಕೂಡಿದ ಲೆಕ್ಕ, ಯಾವ ಪದಕ್ಕೆ ಯಾರು ಬಂದರೆಂಬ ಇತಿಹಾಸ, ನೆಗೆಟಿವ್ ಪಟ್ಟಿ ಎಲ್ಲವೂ ಆ ಖಾತೆಯಲ್ಲೇ ಇರುತ್ತವೆ; ಹೊಸಬ ಬಂದು ಒಂದರಿಂದ ಎಣಿಸಬೇಕು. ಹೀಗೆ ಕೀಲಿಕೈ ಹಿಡಿದುಕೊಂಡು ಗಿರಾಕಿಯನ್ನು ಉಳಿಸಿಕೊಂಡ ಏಜೆನ್ಸಿಗಳಿವೆ. ಗಿರಾಕಿ ಉಳಿದಿದ್ದಾನೆ, ಹೆಸರು ಉಳಿದಿಲ್ಲ. ಮ್ಯಾನೇಜರ್ ಖಾತೆಯಿಂದ ಜೋಡಿಸಿಕೊಂಡು ಕೆಲಸ ಮಾಡುವ ಸೌಕರ್ಯ ಗೂಗಲ್‌ನಲ್ಲೇ ಇರುವಾಗ ಈ ದೋಷಕ್ಕೆ ಕವಿ ಪ್ರಾಯಶ್ಚಿತ್ತವನ್ನೇ ಹೇಳಿಲ್ಲ.

ಅಂಗಡಿಯೋ ಕ್ಲಿನಿಕ್ಕೋ ಇರುವ ಓದುಗರು ಉಳಿದ ಸೂತ್ರಗಳನ್ನು ಮರೆತರೂ ನಡೆದೀತು. ನಿಮ್ಮ ಜಾಹೀರಾತು ಖಾತೆ ಯಾರ ಇಮೇಲ್‌ನಲ್ಲಿದೆ ಎಂದು ಅದನ್ನು ನೋಡಿಕೊಳ್ಳುವ ಹುಡುಗನನ್ನು ಇವತ್ತೇ ಕೇಳಿ, ಅಡ್ಮಿನ್ ಜಾಗದಲ್ಲಿ ನಿಮ್ಮ ಹೆಸರು ಸೇರಿಸಿಕೊಳ್ಳಿ. ಅವನು ಕೆಲಸ ಬಿಟ್ಟ ಮೇಲೆ ಫೋನ್ ಎತ್ತುವುದಿಲ್ಲ.